ಗಾಲ್ವೇಯಲ್ಲಿ ಹೇಳದೆ ಎದ್ದುಬಂದೆ

ದೊಮ್ಮಲೂರು

ಐರ್ಲೆಂಡಿಗೆ ಹೊರಟಿದ್ದೇನೆ ಎಂದಾಗ ದೊಮ್ಮಲೂರಿನ ನಮ್ಮ ಬೀದಿಯವರು ಮೊದಲು ಕೇಳಿದ್ದು ಅಲ್ಲಿ ನಮ್ಮವರು ಯಾರಿದ್ದಾರೆ ಎಂದು. ಯಾರೂ ಇಲ್ಲ, ಓದಿಗಾಗಿ ಹೋಗುತ್ತಿದ್ದೇನೆ ಎಂದರೆ, ಈ ವಯಸ್ಸಿನಲ್ಲಾ ಎಂಬ ಪ್ರಶ್ನೆ ಬರುತ್ತಿತ್ತು. ಏನು ಓದು ಎಂದು ಕೇಳುವ ಹೊತ್ತಿಗೆ ನನಗೇ ಸುಸ್ತಾಗಿರುತ್ತಿತ್ತು. ಆರೋಗ್ಯ ಮತ್ತು ಕ್ಷೇಮ ಕೋಚಿಂಗ್‌ನಲ್ಲಿ ಸ್ನಾತಕೋತ್ತರ ಪದವಿ. ಕೋಚಿಂಗ್ ಎಂದರೆ ನಮ್ಮ ಕಡೆ ಮೆಟ್ಟಿಲ ಮೇಲೆ ಚಪ್ಪಲಿಗಳ ರಾಶಿ ಬಿದ್ದಿರುವ ಟ್ಯೂಷನ್ ಮನೆ. ಹಾಗಾಗಿ ಎದುರುಮನೆಯವರು ತಮ್ಮ ಮಗಳ ಲೆಕ್ಕದ ಸಮಸ್ಯೆ ನನ್ನ ಹತ್ತಿರ ಹೇಳಿಕೊಂಡರು.

ನಮ್ಮತ್ತೆಗಾದರೂ ಅರ್ಥವಾಗಲಿ ಎಂದು ಒಂದು ದಿನ ಬಿಡಿಸಿ ಹೇಳಿದೆ. ನಡೆಯಬೇಕು, ಸಕ್ಕರೆ ಬಿಡಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಆಗುವುದಿಲ್ಲ. ಅಂಥವರ ಎದುರು ಕೂತು, ಅವರ ಮಾತು ಕೇಳಿಸಿಕೊಂಡು, ಅವರ ದಾರಿಯನ್ನು ಅವರೇ ಕಂಡುಕೊಳ್ಳುವ ಹಾಗೆ ಪ್ರಶ್ನೆ ಕೇಳುವುದು ಈ ಕೆಲಸ. ನಾವು ಮಾತ್ರ ಬುದ್ಧಿ ಹೇಳುವ ಹಾಗಿಲ್ಲ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

“ಬುದ್ಧಿ ಹೇಳ್ಬಾರ್ದಾ? ಹಂಗಾದ್ರೆ ನೀನು ಪಾಸಾದಂಗೇ ಬಿಡು.”

ಅವರು ಹೇಳಿದ್ದು ನಿಜವಾಗಿತ್ತು. ನಾನಾಗಲೇ ಒಂದು ಸಲ ಫೇಲಾಗಿದ್ದೆ.

ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯ ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ನಾನು ನರ್ಸು. ಬಹಳ ವರ್ಷಗಳಿಂದ ಅಲ್ಲೇ ಇದ್ದೇನೆ. ತಲೆನೋವು ಅಂತ ಹೆಂಗಸರು ಬರುತ್ತಾರೆ, ಮಾತ್ರೆ ಕೊಡುತ್ತೇನೆ, ನುಂಗುತ್ತಾರೆ. ಆದರೆ ಹೋಗುವುದಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇರುತ್ತಾರೆ. ಅವರು ಬಂದದ್ದು ಮಾತ್ರೆಗಲ್ಲ ಎಂದು ನನಗೆ ಗೊತ್ತಾಗುತ್ತಿತ್ತು, ಮುಂದೆ ಏನು ಮಾಡಬೇಕು ಎಂಬುದು ಗೊತ್ತಾಗುತ್ತಿರಲಿಲ್ಲ. ಅದಕ್ಕಾಗಿಯೇ ಈ ಓದಿಗೆ ಸೇರಿದ್ದು. ಮಹಡಿಯ ಮೇಲಿನ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಎರಡು ವರ್ಷ ಐರ್ಲೆಂಡಿನ ವಿಶ್ವವಿದ್ಯಾಲಯದ ಪಾಠ ಕೇಳಿದೆ. ಕಾರ್ಖಾನೆಯವರು ಒಂದು ಮಾತು ಕೊಟ್ಟಿದ್ದರು. ಪಾಸಾಗಿ ಬಂದರೆ ನನ್ನ ಕೋಣೆಯ ಪಕ್ಕದ ಸಾಮಾನು ರೂಮನ್ನು ಖಾಲಿ ಮಾಡಿ ಎರಡು ಕುರ್ಚಿ ಹಾಕಿಸಿಕೊಡುತ್ತಾರೆ. ಪಾಸಾಗದಿದ್ದರೆ ಮೊಬೈಲಿನಲ್ಲಿ ಕ್ಷೇಮ ವಿಚಾರಿಸುವ ಯಾವುದೋ ಆ್ಯಪ್ ತರುತ್ತಾರೆ. ಬಾಗಿಲು ಹಿಡಿದು ನಿಲ್ಲುವ ಆ ಹೆಂಗಸರು ಆ್ಯಪ್‌ಗೆ ಮನಸ್ಸು ಬಿಚ್ಚುತ್ತಾರೆ ಎಂದು ನನಗನಿಸಲಿಲ್ಲ.

ಪದವಿ ಸಿಗಬೇಕಾದರೆ ಮೇಷ್ಟ್ರ ಕಣ್ಣೆದುರು ಒಬ್ಬರ ಜೊತೆ ಒಂದು ಪೂರ್ತಿ ಭೇಟಿ ನಡೆಸಿ ತೋರಿಸಬೇಕು. ಮೊದಲ ಸಲ ಅದು ವಿಡಿಯೊದಲ್ಲಿ ನಡೆಯಿತು. ಎದುರಿಗಿದ್ದ ಹುಡುಗಿ, ಬೆಳಿಗ್ಗೆ ತಿಂಡಿ ತಿನ್ನಲು ಆಗುತ್ತಿಲ್ಲ ಎಂದಳು. ಇನ್ನೇನು ಬೇಕಿತ್ತು ನನಗೆ, ರಾಗಿ ಅಂಬಲಿ ಮಾಡುವ ವಿಧಾನವನ್ನು ಶುರುಮಾಡಿದೆ. ಮಜ್ಜಿಗೆ ಎಷ್ಟು, ಸಣ್ಣ ಈರುಳ್ಳಿ ಯಾವಾಗ ಹಾಕಬೇಕು, ಎಲ್ಲ ಹೇಳಿದೆ. ನಮ್ಮ ಅಧ್ಯಾಪಕಿ ನೋರಾ ಆಮೇಲೆ ಮೃದುವಾಗಿಯೇ ಹೇಳಿದರು: ನಿಮ್ಮ ಅಕ್ಕರೆಯಲ್ಲಿ ಆಕೆಗೆ ಬಾಯಿ ತೆರೆಯಲು ಜಾಗವೇ ಸಿಗಲಿಲ್ಲ. ಇನ್ನೊಂದೇ ಅವಕಾಶ ಉಳಿದಿತ್ತು. ಗಾಲ್ವೇಯಲ್ಲಿ ಎಲ್ಲ ವಿದ್ಯಾರ್ಥಿಗಳೂ ಸೇರುವ ವಾರದಲ್ಲಿ, ಮುಖಾಮುಖಿ. ಅದೂ ಹೋದರೆ ಎರಡು ವರ್ಷದ ಓದು ನೀರಿನಲ್ಲಿ ಹೋಮ. ಮೇ ತಿಂಗಳ ಸೆಕೆಯಲ್ಲಿ ಸ್ವೆಟರ್ ಮಡಚಿ ಪೆಟ್ಟಿಗೆಗೆ ತುಂಬಿದೆ.

ಬಸ್ ಸ್ಟಾಪು

ಡಬ್ಲಿನ್‌ನಲ್ಲಿ ವಿಮಾನ ಇಳಿದು, ಅಲ್ಲಿಂದ ದೊಡ್ಡ ಬಸ್ಸಿನಲ್ಲಿ ದೇಶದ ಆ ಕಡೆಯಿಂದ ಈ ಕಡೆಗೆ ಬಂದರೆ ಗಾಲ್ವೇ. ದಾರಿಯುದ್ದಕ್ಕೂ ಹಸಿರು, ಕಲ್ಲಿನ ಗೋಡೆ, ದನ, ಮತ್ತೆ ಹಸಿರು. ಹಾರ್ನ್ ಶಬ್ದವೇ ಇಲ್ಲದೆ ನನಗೆ ಕಿವಿ ಕಟ್ಟಿದ ಹಾಗಾಗಿತ್ತು.

ಗಾಲ್ವೇಯಲ್ಲಿ ಊರೊಳಗಿನ ಬಸ್ಸು ಹಿಡಿಯಬೇಕಿತ್ತು. ಸ್ಟಾಪು ಎಂದು ಬರೆದ ಕಂಬದ ಕೆಳಗೆ ಪೆಟ್ಟಿಗೆ ಸಮೇತ ಶಿಸ್ತಾಗಿ ನಿಂತೆ. ಬಸ್ಸು ಬಂತು, ಮುಂದೆ ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮಳೆ ಹನಿಯಲು ಶುರುವಾಯಿತು. ನನ್ನನ್ನು ನೋಡಿಯೇ ನಿಲ್ಲಿಸುತ್ತಿಲ್ಲ ಎಂದು ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ನಿಂತರು. ಬಸ್ಸು ಕಂಡ ಕೂಡಲೇ ಕೈ ಚಾಚಿದರು, ಅದು ಅವರ ಕಾಲ ಬುಡದಲ್ಲೇ ನಿಂತಿತು. ಕೈ ತೋರಿಸದಿದ್ದರೆ ಡ್ರೈವರ್‌ಗೆ ಹೇಗೆ ಗೊತ್ತಾಗಬೇಕು ತಾಯಿ ಎಂದರು ಅಜ್ಜಿ. ನಮ್ಮಲ್ಲಿ ಬಸ್ಸು ಸ್ಟಾಪು ದಾಟಿ ಎಲ್ಲೋ ನಿಲ್ಲುತ್ತದೆ, ನಾವು ಓಡಿ ಹತ್ತುತ್ತೇವೆ. ಇಲ್ಲಿ ಹೇಳಿದ ಜಾಗದಲ್ಲೇ ನಿಲ್ಲುತ್ತದೆ, ಆದರೆ ಕೇಳಬೇಕು. ನೋರಾ ಎರಡು ವರ್ಷದಿಂದ ಪಾಠದಲ್ಲಿ ಹೇಳುತ್ತಿದ್ದದ್ದೂ ಇದನ್ನೇ. ಕೇಳದೆ ಯಾರಿಗೂ ಏನೂ ಕೊಡಬೇಡಿ ಎನ್ನುತ್ತಿದ್ದರು.

ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ, ಶಾಲೆಯ ಮಕ್ಕಳು ಕೂಡ. ನಾನೂ ಹೇಳಿದೆ. ಧ್ವನಿ ಭಾಷಣದ ಹಾಗೆ ಜೋರಾಗಿ ಬಂದು ಇಡೀ ಬಸ್ಸು ನನ್ನ ಕಡೆ ತಿರುಗಿತು. ಡ್ರೈವರ್ ಮಾತ್ರ ಹುಷಾರಾಗಿ ಹೋಗಿ ಎಂದು ತಲೆಯಾಡಿಸಿದ.

ಬ್ರೀಡಾ ಅವರ ಅಡುಗೆಮನೆ

ನಾನು ಉಳಿದುಕೊಂಡದ್ದು ಬ್ರೀಡಾ ಎಂಬವರ ಮನೆಯಲ್ಲಿ. ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದವರು, ಓದಲು ಬರುವವರಿಗೆ ಮಹಡಿಯ ಕೋಣೆ ಬಿಟ್ಟುಕೊಡುತ್ತಾರೆ. ಒಳಗೆ ಕಾಲಿಡುತ್ತಲೇ ಟೀ ಕುಡಿಯುತ್ತೀರಾ ಎಂದರು. ಸಂಕೋಚಕ್ಕೆ ಬೇಡ ಎಂದೆ. ಒಂದೇ ಒಂದು ಲೋಟ ಎಂದರು. ಪರವಾಗಿಲ್ಲ, ಬೇಡ ಎಂದೆ. ಪರದೇಶದಲ್ಲಿ ಬೇಡ ಎಂದರೆ ಬೇಡ ಎಂದೇ ಲೆಕ್ಕ, ಆಮೇಲೆ ಕೊಡುವುದಿಲ್ಲ ಎಂದು ಹೋಗಿಬಂದವರು ಎಚ್ಚರಿಸಿದ್ದರು. ಗಂಟಲು ಒಣಗಿತ್ತು, ಮಾತು ಬಾಯಿಂದ ಹೊರಬಿದ್ದಾಗಿತ್ತು. ಬ್ರೀಡಾ ನನ್ನ ಮುಖವನ್ನೊಮ್ಮೆ ನೋಡಿ, ಇಟ್ಟೇಬಿಡುತ್ತೇನೆ ಎಂದು ಒಲೆ ಹಚ್ಚಿದರು. ಅಲ್ಲಿಗೆ ನನಗೆ ಜೀವ ಬಂತು. ನಮ್ಮ ಬೀದಿಯಲ್ಲೂ ಕಾಫಿಗೆ ನಡೆಯುವ ಆಟ ಇದೇ.

ಬೆಳಿಗ್ಗೆ ಆ ಅಡುಗೆಮನೆಯಲ್ಲಿ ರೇಡಿಯೊ ಹಾಡುತ್ತದೆ. ವಾರ್ತೆ ಮುಗಿದ ಮೇಲೆ ಆ ಜಿಲ್ಲೆಯಲ್ಲಿ ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಯಾವ ಊರು, ಯಾರ ಹೆಂಡತಿ, ದೇಹ ಎಲ್ಲಿಟ್ಟಿದ್ದಾರೆ, ಯಾವಾಗ ಮಣ್ಣು. ಬ್ರೀಡಾ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಿ ಕೇಳುತ್ತಾರೆ. ಗೊತ್ತಿದ್ದವರಾದರೆ ಕಪ್ಪು ಕೋಟು ಹೊರಗೆ ಬರುತ್ತದೆ. ಇದನ್ನು ಅತ್ತೆಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಐರ್ಲೆಂಡಿನ ಮೇಲೆ ಗೌರವ ಹುಟ್ಟಿತು. ಒಳ್ಳೇ ಜನ ಕಣಮ್ಮ, ಇಲ್ಲಿ ಪಕ್ಕದ ರಸ್ತೇಲಿ ಹೋದ್ರೂ ವಾಟ್ಸಾಪಲ್ಲಿ ನೋಡ್ಕೋಬೇಕು ಎಂದರು.

ಹಳೇ ದೊಮ್ಮಲೂರಿನ ಯಾವ ಸಾವಿನ ಮನೆಗೂ ನಮ್ಮತ್ತೆ ಹೋಗದೆ ಇರುವುದಿಲ್ಲ. ಗದ್ದೆ, ಹೊಲ ಇದ್ದ ಕಾಲದ ಮನೆತನಗಳು ಈಗ ಬಾಡಿಗೆ ಕಟ್ಟಡಗಳ ನಡುವೆ ಚದುರಿಹೋಗಿವೆ. ಮದುವೆಗೆ ತಪ್ಪಿಸಿಕೊಂಡರೂ ಸಾವಿಗೆ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂಬುದು ಅವರ ಕಟ್ಟುನಿಟ್ಟು. ನಾನು ಸೊಸೆಯಾಗಿ ಬಂದಾಗಿನಿಂದ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಾರೆ. ಬಾಯಿಬಡುಕಿಯಾದ ನಾನು ಬಾಯಿ ಮುಚ್ಚಿಕೊಂಡು ಕೂರುವ ಜಾಗ ಅದೊಂದೇ. ಹೋಗಬೇಕು, ಕೂರಬೇಕು. ಅವರಾಗಿಯೇ ಮಾತಾಡಿದರೆ ಕೇಳಿಸಿಕೊಳ್ಳಬೇಕು, ನಾವಾಗಿ ಏನೂ ಕೇಳಬಾರದು. ಹೊತ್ತಾಯಿತು ಅನಿಸಿದಾಗ ಸುಮ್ಮನೆ ಎದ್ದು ಬರಬೇಕು. ಹೋಗಿ ಬರ್ತೀನಿ ಎನ್ನಬಾರದು, ಅಂಥ ಮನೆಗೆ ಮತ್ತೊಮ್ಮೆ ಬರುವ ಸಂದರ್ಭ ಯಾರಿಗೂ ಬೇಡ. ತಿರುಗಿಯೂ ನೋಡಬಾರದು. ಮನೆಗೆ ಬಂದು ನೀರು ಹಾಕಿಕೊಳ್ಳದೆ ಏನನ್ನೂ ಮುಟ್ಟಬಾರದು.

ಬ್ರೀಡಾಗೆ ಇದನ್ನು ಹೇಳಿದಾಗ ಅವರು ಹೌಹಾರಿದರು. ಅವರಲ್ಲಿ ಸಾವಿನ ಮನೆಯಲ್ಲಿ ಟೀ ಪಾತ್ರೆ ಒಲೆಯಿಂದ ಇಳಿಯುವುದೇ ಇಲ್ಲವಂತೆ. ಮನೆಯವರೆಲ್ಲರ ಕೈ ಕುಲುಕಿ, ಸತ್ತವರ ಕತೆ ಹೇಳಿ, ನಕ್ಕು, ಸ್ಯಾಂಡ್‌ವಿಚ್ ತಿಂದು ಬರುತ್ತಾರಂತೆ. ಹೇಳದೆ ಎದ್ದುಹೋದರೆ ಮನೆಯವರಿಗೆ ನೋವಾಗುವುದಿಲ್ಲವೇ ಎಂದು ಕೇಳಿದರು. ಹೇಳಿದರೇ ನೋವಾಗುವುದು ಎಂದೆ. ಅವರು ಮತ್ತೆ ಬ್ರೆಡ್ಡಿಗೆ ಕೈಹಾಕಿದರು.

ಸಾಲ್ಟ್‌ಹಿಲ್

ಊರಿನ ಅಂಚಿನಲ್ಲಿ ಸಾಲ್ಟ್‌ಹಿಲ್ ಎಂಬಲ್ಲಿ ಸಮುದ್ರದ ಪಕ್ಕಕ್ಕೆ ಉದ್ದನೆಯ ಕಾಲುದಾರಿ ಇದೆ. ಸಂಜೆ ಇಡೀ ಊರು ಅಲ್ಲಿ ನಡೆಯುತ್ತಿರುತ್ತದೆ. ಬಿಸಿಲಿದ್ದರೂ ನಡೆಯುತ್ತಾರೆ, ಮಳೆ ಅಡ್ಡಡ್ಡ ಹೊಡೆಯುತ್ತಿದ್ದರೂ ನಡೆಯುತ್ತಾರೆ. ನಮ್ಮ ಹಲಸೂರು ಕೆರೆ ಏರಿಯ ಮೇಲೆ ನಡೆಯುವವರು ಎರಡು ಹನಿ ಬಿದ್ದರೆ ಮರದ ಕೆಳಗೆ ಓಡುತ್ತಾರೆ, ಆಮೇಲೆ ಬಜ್ಜಿ ಅಂಗಡಿಗೆ. ಇವರು ತೊಟ್ಟಿಕ್ಕುತ್ತಲೇ ಒಬ್ಬರಿಗೊಬ್ಬರು ಹವೆ ಚೆನ್ನಾಗಿದೆ ಎಂದು ಹೇಳಿಕೊಳ್ಳುತ್ತಾರೆ.

ದಾರಿಯ ಕೊನೆಯಲ್ಲಿ ಒಂದು ಗೋಡೆ. ಅಲ್ಲಿಗೆ ಬಂದವರು ಗೋಡೆಗೆ ಕಾಲಿನಿಂದ ಒಂದು ಒದೆ ಕೊಟ್ಟು ವಾಪಸು ತಿರುಗುತ್ತಾರೆ. ಮುದುಕರು, ಮಕ್ಕಳು, ತಳ್ಳುಗಾಡಿಯಲ್ಲಿ ಕೂಸನ್ನು ತಳ್ಳಿಕೊಂಡು ಬಂದವರು, ಎಲ್ಲರೂ. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಒದೆಯದಿದ್ದರೆ ನಡೆದದ್ದು ಲೆಕ್ಕಕ್ಕಿಲ್ಲ ಎಂದರು ಬ್ರೀಡಾ. ತಾವು ಒದ್ದು, ಈಗ ನೀವು ಎಂದರು.

ಒದ್ದೆ. ಒದ್ದ ಮರುಕ್ಷಣವೇ ನನ್ನ ಕೈ ತಾನಾಗಿ ಗೋಡೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಕಾಲು ತಗುಲಿದರೆ ಪುಸ್ತಕವಾಗಲಿ ಪಕ್ಕದವರಾಗಲಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಹುಟ್ಟಿದಾಗಿನ ಅಭ್ಯಾಸ. ಗೋಡೆಗೂ ಅದನ್ನೇ ಮಾಡಿಬಿಟ್ಟೆ. ತಣ್ಣೀರಿನಲ್ಲಿ ಈಜಿ ಬಂದು ಟವಲ್ ಸುತ್ತಿಕೊಂಡು ನಡುಗುತ್ತಿದ್ದ ಒಬ್ಬ ಗಂಡಸು ಇದನ್ನು ಬಹಳ ಗಂಭೀರವಾಗಿ ನೋಡುತ್ತಿದ್ದ. ನಾನು ವಿವರಿಸಿದ ಮೇಲೆ ಬ್ರೀಡಾ ಕೂಡ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು, ಯಾವುದಕ್ಕೂ ಇರಲಿ ಎಂದು.

ತರಗತಿ

ತರಗತಿಯಲ್ಲಿ ಇಬ್ಬಿಬ್ಬರಾಗಿ ಕೂತು ಅಭ್ಯಾಸ. ಒಬ್ಬರು ತಮ್ಮ ಕಷ್ಟ ಹೇಳಬೇಕು, ಇನ್ನೊಬ್ಬರು ಕೇಳಬೇಕು. ನನ್ನ ಜೋಡಿಯಾಗಿದ್ದವಳು ಪೋಲೆಂಡಿನ ಆನ್ಯಾ. ನಿದ್ದೆ ಬರುವುದಿಲ್ಲ ಎಂದಳು. ಅಂಗಾಲಿಗೆ ಎಣ್ಣೆ ಹಚ್ಚು ಎಂಬ ಮಾತು ನನ್ನ ಬಾಯಿಗೆ ಬಂದದ್ದು ನನಗೆ ಗೊತ್ತಾಗುವ ಮೊದಲೇ ಅವಳಿಗೆ ಕೇಳಿಸಿತ್ತು. ಆಚೆಯಿಂದ ನೋರಾ ಬೆರಳೆತ್ತಿದರು. ಆ ದಿನ ಅವರ ಬೆರಳು ಕೆಳಗಿಳಿದದ್ದೇ ಕಡಿಮೆ.

ಬುದ್ಧಿ ಹೇಳುವುದನ್ನಾದರೂ ಹೇಗೋ ತಡೆಯಬಹುದು. ನನಗೆ ಆಗದೆ ಇದ್ದದ್ದು ಮೌನ. ಎದುರಿಗಿದ್ದವರು ಮಾತು ನಿಲ್ಲಿಸಿದರೆ ಇಂದಿರಾನಗರದ ನೂರಡಿ ರಸ್ತೆಯಲ್ಲಿ ನನ್ನ ಗಾಡಿ ಆಫ್ ಆದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಹಿಂದೆ ಸಾಲು ನಿಂತಿದೆ, ಏನಾದರೂ ಮಾಡಲೇಬೇಕು. ಆ ಮೌನದಲ್ಲೇ ಅವರು ತಮ್ಮ ಉತ್ತರ ಹುಡುಕುತ್ತಿರುತ್ತಾರೆ, ನೀವು ಮಾತಾಡಿದರೆ ಹುಡುಕುವುದು ನಿಂತುಹೋಗುತ್ತದೆ ಎಂದು ನೋರಾ ಎಷ್ಟು ಸಲ ಹೇಳಿದರೂ ನನ್ನ ಬಾಯಿ ಕೇಳಲಿಲ್ಲ. ಬಾಯಲ್ಲಿ ಏನಾದರೂ ಇಟ್ಟುಕೋ ಎಂದು ಆನ್ಯಾ ಉಪಾಯ ಹೇಳಿಕೊಟ್ಟಳು. ಅತ್ತೆ ಗಂಟಲು ಕೆರೆತಕ್ಕೆಂದು ಕಟ್ಟಿಕೊಟ್ಟಿದ್ದ ಲವಂಗ ಕೆಲಸಕ್ಕೆ ಬಂತು. ಒಂದು ಲವಂಗದ ಖಾರ ಇಳಿಯುವ ತನಕ ಸುಮ್ಮನಿರುತ್ತಿದ್ದೆ, ಆಮೇಲೆ ಯಥಾಪ್ರಕಾರ.

ನೋರಾ ಒತ್ತಿ ಹೇಳಿದ್ದ ಇನ್ನೊಂದು ವಿಷಯ ಭೇಟಿಯ ಮುಕ್ತಾಯ. ಇವತ್ತಿನ ಮಾತಿನಿಂದ ಏನು ಸಿಕ್ಕಿತು, ಮುಂದಿನ ಹೆಜ್ಜೆ ಏನು ಎಂದು ಕೇಳಬೇಕು. ಅದನ್ನು ಅವರ ಬಾಯಿಂದಲೇ ಹೇಳಿಸಿ, ಬಂದದ್ದಕ್ಕೆ ವಂದನೆ ಹೇಳಿ ಬೀಳ್ಕೊಡಬೇಕು. ಇದನ್ನು ಮಾತ್ರ ನಾನು ಚೆನ್ನಾಗಿ ಮಾಡುತ್ತಿದ್ದೆ. ಬೀಳ್ಕೊಡುವುದರಲ್ಲಿ ನಮ್ಮನ್ನು ಮೀರಿಸುವವರು ಯಾರು, ನಾವು ಗೇಟಿನ ಹತ್ತಿರವೇ ಅರ್ಧ ಗಂಟೆ ನಿಲ್ಲುವ ಜನ.

ನೀಲಿ ಕುರ್ಚಿಗಳು

ಪರೀಕ್ಷೆಯ ಕೋಣೆಯಲ್ಲಿ ಎರಡು ನೀಲಿ ಕುರ್ಚಿ, ನಡುವೆ ನೀರಿನ ಲೋಟ. ಮೂಲೆಯಲ್ಲಿ ನೋರಾ. ಎದುರಿಗೆ ಬಂದು ಕೂತವರನ್ನು ಇಲ್ಲಿ ಟಾಮ್ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಬರೆಯಬಹುದೇ ಎಂದು ಕೇಳಿ, ಅವರು ಹೂಂ ಎಂದ ಮೇಲೆಯೇ ಬರೆಯುತ್ತಿದ್ದೇನೆ. ಎತ್ತರದ ಮನುಷ್ಯ, ಅಂಚೆ ಹಂಚುವ ಕೆಲಸದಿಂದ ನಿವೃತ್ತರು. ಜೀವಮಾನವೆಲ್ಲ ನಡೆದವರಿಗೆ ಈಗ ಡಾಕ್ಟರು ನಡೆಯಿರಿ ಎನ್ನುತ್ತಿದ್ದಾರೆ ಎಂದು ಹೇಳಿ ನಕ್ಕರು.

ಸಾಲ್ಟ್‌ಹಿಲ್‌ಗೆ ದಿನಾ ಹೋಗುತ್ತಾರೆ, ಅರ್ಧ ದಾರಿಯಲ್ಲಿ ತಿರುಗಿಬಿಡುತ್ತಾರೆ. ಗೋಡೆಯ ತನಕ ಹೋಗಲು ಆಗುತ್ತಿಲ್ಲ. ಮೊಣಕಾಲು ಚೆನ್ನಾಗಿದೆ, ಎದೆಯೂ ಚೆನ್ನಾಗಿದೆ. ಅರ್ಧ ದಾರಿಯಲ್ಲಿ ಏನಾಗುತ್ತದೆ ಎಂದು ಕೇಳಿದೆ. ಎರಡು ವರ್ಷದಲ್ಲಿ ನನ್ನ ಬಾಯಿಂದ ಬಂದ ಒಳ್ಳೆಯ ಪ್ರಶ್ನೆ ಅದು ಎಂದು ಈಗಲೂ ಅನಿಸುತ್ತದೆ.

“ಅಲ್ಲೊಂದು ಬೆಂಚು ಇದೆ,” ಎಂದರು. “ಮೇರಿ ಅಲ್ಲಿ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು.”

ಮೇರಿ ಅವರ ಹೆಂಡತಿ. ಚಳಿಗಾಲದಲ್ಲಿ ತೀರಿಕೊಂಡರಂತೆ. ಅಷ್ಟು ಹೇಳಿ ಎರಡೂ ಕೈ ಮೊಣಕಾಲ ಮೇಲಿಟ್ಟು ನೆಲ ನೋಡುತ್ತಾ ಕೂತರು.

ಬೇರೆ ದಾರಿಯಲ್ಲಿ ಹೋಗಬಹುದಲ್ಲ, ಸ್ನೇಹಿತರ ಜೊತೆ ಹೋಗಬಹುದಲ್ಲ ಎಂಬ ಮಾತುಗಳು ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಲವಂಗದ ಖಾರ ಆಗಲೇ ಇಳಿದಿತ್ತು. ಆದರೆ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂರುವ ಗಂಡಸರನ್ನು ನಾನು ಹಳೇ ದೊಮ್ಮಲೂರಿನ ಎಷ್ಟೋ ಪಡಸಾಲೆಗಳಲ್ಲಿ ನೋಡಿದ್ದೇನೆ. ಮುಂದಿನದನ್ನು ನಾನು ಯೋಚಿಸಿ ಮಾಡಲಿಲ್ಲ. ದುಪಟ್ಟಾ ಹೆಗಲ ತುಂಬ ಹೊದ್ದುಕೊಂಡೆ. ಕಾಲುಗಳನ್ನು ಕುರ್ಚಿಯ ಕೆಳಗೆ ಸರಿಸಿದೆ. ತಲೆ ತಗ್ಗಿಸಿ ಕೂತೆ. ಕಿಟಕಿಗೆ ಮಳೆ ಬೀಳುತ್ತಿತ್ತು. ಆ ಮೌನ ನನಗೆ ಭಾರವೇ ಆಗಲಿಲ್ಲ.

ಬಹಳ ಹೊತ್ತಿನ ಮೇಲೆ ಅವರೇ ಮಾತಾಡಿದರು. ಮೇರಿ ಲೇಸಿಗೆ ಯಾವತ್ತೂ ಎರಡು ಗಂಟು ಹಾಕುತ್ತಿರಲಿಲ್ಲ, ಹಾಗಾಗಿ ದಿನಾ ಬಿಚ್ಚಿಕೊಳ್ಳುತ್ತಿತ್ತು. ಇವರು ದಿನಾ ರೇಗುತ್ತಿದ್ದರು. ಈಗ ತಾವು ಆ ಬೆಂಚು ದಾಟಿ ಹೋದರೆ ಅವಳನ್ನು ಅಲ್ಲೇ ಕೂರಿಸಿ ಮುಂದೆ ಹೋದ ಹಾಗೆ ಅನಿಸುತ್ತದೆ ಎಂದರು. ಆಮೇಲೆ, ಎಲ್ಲರೂ ಏನಾದರೊಂದು ಮಾಡು ಎನ್ನುತ್ತಾರೆ, ನಾಯಿ ಸಾಕು ಎನ್ನುತ್ತಾರೆ, ಡ್ಯಾನ್ಸ್ ಕಲಿ ಎನ್ನುತ್ತಾರೆ ಎಂದರು. ನಾನು ತಲೆಯಾಡಿಸಿದೆ ಅಷ್ಟೆ. ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹೊತ್ತು ಮುಗಿಯಿತು ಎಂದು ನೋರಾ ಪೆನ್ನು ಕೆಳಗಿಟ್ಟರು.

ನಾನು ಎದ್ದೆ. ಕುರ್ಚಿಯನ್ನು ಸದ್ದಾಗದ ಹಾಗೆ ಸರಿಸಿದೆ. ಯಾರಿಗೂ ಏನೂ ಹೇಳದೆ, ತಿರುಗಿ ನೋಡದೆ ಹೊರಗೆ ಬಂದೆ. ನೇರ ಬಚ್ಚಲಿಗೆ ಹೋಗಿ ಕೈ ತೊಳೆದೆ, ಮುಖಕ್ಕೆ ನೀರು ಹಾಕಿಕೊಂಡೆ, ಕತ್ತಿಗೂ ಹಾಕಿಕೊಂಡೆ. ಕನ್ನಡಿಯಲ್ಲಿ ತೊಟ್ಟಿಕ್ಕುತ್ತಿರುವ ನನ್ನ ಮುಖ ನೋಡಿದಾಗ ಎಚ್ಚರವಾಯಿತು. ನಾನು ಸಾವಿನ ಮನೆಯಿಂದ ಎದ್ದು ಬಂದಿರಲಿಲ್ಲ. ಪರೀಕ್ಷೆಯಿಂದ ಎದ್ದು ಬಂದಿದ್ದೆ.

ಕಾರಿಡಾರು

ಮುಂದಿನ ಹೆಜ್ಜೆ ಕೇಳಿರಲಿಲ್ಲ, ವಂದನೆ ಹೇಳಿರಲಿಲ್ಲ, ಅಳುತ್ತಿದ್ದ ಮನುಷ್ಯನನ್ನು ಬಿಟ್ಟು ಎದ್ದು ಬಂದಿದ್ದೆ. ನನಗೆ ಚೆನ್ನಾಗಿ ಬರುತ್ತಿದ್ದ ಒಂದೇ ಒಂದು ಭಾಗವನ್ನು ನಾನೇ ಕೈಯಾರೆ ಕೆಡಿಸಿಕೊಂಡಿದ್ದೆ. ವಾಪಸು ಓಡಿದೆ, ಬಾಗಿಲು ಮುಚ್ಚಿತ್ತು. ಒಳಗೆ ನೋರಾ ಟಾಮ್ ಜೊತೆ ಮಾತಾಡುತ್ತಿದ್ದರು. ಹೊರಗಿನ ಬೆಂಚಿನಲ್ಲಿ ಕೂತೆ. ಕಾರ್ಖಾನೆಯ ಸಾಮಾನು ರೂಮಿನ ಬೀಗ ಕಣ್ಣ ಮುಂದೆ ಬಂತು. ಅತ್ತೆ ಬೈದರೆ ಪರವಾಗಿಲ್ಲ, ಹೋಗ್ಲಿ ಬಿಡಮ್ಮ ಎಂದರೆ ತಡೆದುಕೊಳ್ಳಲು ಆಗುವುದಿಲ್ಲ ಅನಿಸಿತು. ಟಾಮ್ ಹೊರಗೆ ಬಂದರು, ಟೋಪಿ ಹಾಕಿಕೊಂಡರು, ನನ್ನ ಕಡೆ ತಲೆಯಾಡಿಸಿ ಹೊರಟುಹೋದರು. ಅವರ ಮುಖದಿಂದ ನನಗೇನೂ ಗೊತ್ತಾಗಲಿಲ್ಲ.

ನೋರಾ ಒಳಗೆ ಕರೆದರು. ಏನಾಯಿತು, ಹುಷಾರಿಲ್ಲವೇ ಎಂದು ಕೇಳಿದರು. ನೆಪ ಹೇಳುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ನಮ್ಮತ್ತೆ, ಹಳೇ ದೊಮ್ಮಲೂರು, ಹೇಳದೆ ಎದ್ದು ಬರುವುದು, ನೀರು ಹಾಕಿಕೊಳ್ಳುವುದು, ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಮಾತಾಡಲಿಲ್ಲ. ನಾನೂ ಸುಮ್ಮನೆ ಕೂತೆ.

“ಮುಕ್ತಾಯಕ್ಕೆ ನಾನು ಅಂಕ ಕೊಡಲಾರೆ, ಅದು ನಡೆಯಲೇ ಇಲ್ಲ,” ಎಂದರು ಕೊನೆಗೆ. “ಆದರೆ ಉಳಿದದ್ದನ್ನು ನೋಡಿದೆ. ನೀವು ಆ ಮನುಷ್ಯನಿಗೆ ಜಾಗ ಕೊಟ್ಟಿರಿ. ಪಾಸಾಗಿದ್ದೀರಿ.”

ನಾನು ಅಲ್ಲೇ ಅತ್ತುಬಿಟ್ಟೆ. ಮೂಗು, ಕಣ್ಣು ಎಲ್ಲ ಒಂದಾಗುವ ಹಾಗೆ ಅತ್ತೆ. ಎರಡು ವರ್ಷದಿಂದ ಹೊತ್ತ ಮೂಟೆಯನ್ನು ಯಾರೋ ಬೆನ್ನಿನಿಂದ ಇಳಿಸಿಕೊಂಡ ಹಾಗಿತ್ತು. ನೋರಾ ಅಳು ನಿಲ್ಲುವ ತನಕ ಕಾದು, ಇನ್ನೊಂದು ಮಾತು ಹೇಳಿದರು. ಅಂಕ ಬೇರೆ, ಮನುಷ್ಯ ಬೇರೆ. ಟಾಮ್‌ಗೆ ಒಂದು ಮುಕ್ತಾಯ ಬಾಕಿ ಇದೆ, ಅದನ್ನು ಮುಗಿಸಿಯೇ ನೀವು ಊರಿಗೆ ಹೋಗಬೇಕು. ಅವರಿಗೂ ಒಪ್ಪಿಗೆ ಇದೆ, ಕೋಣೆಯ ಬದಲು ಸಾಲ್ಟ್‌ಹಿಲ್‌ನಲ್ಲಿ ನಡೆಯುತ್ತಾ ಆಗಬಹುದೇ ಎಂದು ಕೇಳಿದ್ದಾರೆ.

ಅತ್ತೆಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

“ಅಷ್ಟು ದೂರ ಹೋಗಿ ಸುಮ್ನೆ ಕೂತು ಪಾಸಾದ್ಯಾ? ಇಲ್ಲೇ ನನ್ ಪಕ್ಕ ಕೂತ್ಕೋಬಹುದಿತ್ತಲ್ಲಮ್ಮ.”

ಅವರ ಧ್ವನಿಯಲ್ಲಿ ಖುಷಿ ಇತ್ತು, ಮುಚ್ಚಿಡಲು ನೋಡಿದರೂ ಆಗುತ್ತಿರಲಿಲ್ಲ. ಆಮೇಲೆ, ಆ ಯಪ್ಪ ಒಬ್ನೇ ಇದ್ದಾನಲ್ಲ, ಸರಿಯಾಗಿ ಊಟ ಮಾಡ್ತಾನಾ ಎಂದು ಕೇಳಿದರು. ಕೇಳಿಲ್ಲ ಎಂದೆ. ಅದನ್ನ ಮೊದಲು ಕೇಳ್ಬೇಕಲ್ವಾ ಎಂದು ಫೋನಿಟ್ಟರು.

ಮತ್ತೆ ಸಾಲ್ಟ್‌ಹಿಲ್

ಹೊರಡುವ ಹಿಂದಿನ ದಿನ ಮಳೆ ನಿಂತು ಬಿಸಿಲು ಬಂದಿತ್ತು. ಟಾಮ್ ಮತ್ತು ನಾನು ಹೆಚ್ಚು ಮಾತಿಲ್ಲದೆ ನಡೆದೆವು. ಎಡಕ್ಕೆ ಸಮುದ್ರ, ಬಲಕ್ಕೆ ಐಸ್‌ಕ್ರೀಂ ಅಂಗಡಿಗಳು. ಬೆಂಚು ಬಂತು. ಯಾರೋ ಕೂತು ಎದ್ದುಹೋದ ಹಾಗೆ ಒಂದು ಪಕ್ಕ ಒಣಗಿತ್ತು. ಅವರು ನಿಂತರು, ನಾನೂ ನಿಂತೆ. ಅವರು ಕೂತು ಬಗ್ಗಿ, ಕಟ್ಟಿಯೇ ಇದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದರು. ಒಂದೇ ಗಂಟು. ಎದ್ದು ಮುಂದೆ ನಡೆದರು.

ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಮೊದಲು ಮೆಲ್ಲಗೆ ಒದ್ದರು, ಆಮೇಲೆ ಇನ್ನೊಂದು ಸಲ, ಜೋರಾಗಿ. ನಾನೂ ಒದ್ದು, ಮುಟ್ಟಿ, ಕಣ್ಣಿಗೊತ್ತಿಕೊಂಡೆ. ಅವರು ನೋಡಿ ನಕ್ಕರು. ಆಮೇಲೆ, ಆವತ್ತು ನಾನು ಹೇಳಿದ ಯಾವುದೋ ಮಾತಿಗೆ ನಿಮಗೆ ಬೇಜಾರಾಯಿತು ಅಂದುಕೊಂಡಿದ್ದೆ ಎಂದರು. ಇಲ್ಲ ಎಂದು ಹೇಳಿ, ನಮ್ಮ ಕಡೆಯ ಪದ್ಧತಿ ತಿಳಿಸಿದೆ. ಅವರು ಸಮುದ್ರದ ಕಡೆ ನೋಡುತ್ತಾ ಕೇಳಿಸಿಕೊಂಡರು.

“ಹಾಗಾದರೆ ಆವತ್ತು ನೀವು ಮೇರಿಗಾಗಿ ಬಂದಿದ್ದಿರಿ,” ಎಂದರು.

ಹೌದು ಎಂದೆ. ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನನಗೆ ಕಲಿಸಿದ್ದ ಪ್ರಶ್ನೆಯನ್ನು ಆಗ ಕೇಳಿದೆ, ಮುಂದಿನ ಹೆಜ್ಜೆ ಏನು ಎಂದು. ನಾಳೆಯೂ ಇಲ್ಲಿಗೆ ಬರುತ್ತೇನೆ, ಒಬ್ಬನೇ ಬಂದು ನೋಡುತ್ತೇನೆ, ಬೆಂಚಿನಲ್ಲಿ ಕೂತು ಬರುತ್ತೇನೆ ಎಂದರು. ಅದು ಅವರೇ ಕಂಡುಕೊಂಡ ದಾರಿ, ನಾನು ಒಂದಕ್ಷರ ಸೇರಿಸಲಿಲ್ಲ. ಊಟ ಸರಿಯಾಗಿ ಮಾಡುತ್ತೀರಾ ಎಂದು ಮಾತ್ರ ಕೇಳಿದೆ, ಅದು ನಮ್ಮತ್ತೆಯ ಪ್ರಶ್ನೆ ಎಂದೂ ಹೇಳಿದೆ. ಆಲೂಗಡ್ಡೆ ಬೇಯಿಸಲು ಬರುತ್ತದೆ, ನಿಮ್ಮತ್ತೆಗೆ ತಿಳಿಸಿ ಎಂದರು.

ಕೈ ಕುಲುಕಿದೆವು. ಮಾಮೂಲಿಯಾಗಿ ಹೊರಡುವಾಗ ನಿಮ್ಮವರು ಏನು ಹೇಳುತ್ತೀರಿ, ಅದನ್ನು ನಿಮ್ಮ ಭಾಷೆಯಲ್ಲೇ ಹೇಳಿ ಎಂದು ಕೇಳಿದರು. ಗಾಳಿ ಜೋರಾಗಿತ್ತು, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

“ಹೋಗಿ ಬರ್ತೀನಿ.”

ಸ್ವಲ್ಪ ದೂರ ಹೋಗಿ ತಿರುಗಿಯೂ ನೋಡಿದೆ. ಅವರು ಗೋಡೆಯ ಹತ್ತಿರವೇ ನಿಂತು ಕೈಯೆತ್ತಿದ್ದರು. ನಾನೂ ಕೈಯೆತ್ತಿದೆ. ಬ್ರೀಡಾ ಅವರ ಮನೆಗೆ ಬಂದಾಗ ಒಲೆ ಮೇಲೆ ಟೀ ಕುದಿಯುತ್ತಿತ್ತು. ಕುಡಿಯುತ್ತೀರಾ ಎಂದರು, ಮೊದಲ ಸಲಕ್ಕೇ ಹೂಂ ಎಂದೆ. ಮುಖ ತೊಳೆಯಲು ಹೋಗಲಿಲ್ಲ. ಕೆನ್ನೆಯ ಮೇಲೆ ಸಮುದ್ರದ ಉಪ್ಪು ಹಾಗೇ ಇರುವಾಗಲೇ ಮೇಜಿನ ಮುಂದೆ ಕೂತು, ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ.